ಹಜ್ಜ್ ಯಾತ್ರೆಯ ಸಾಮಾನು: ಎಷ್ಟು, ಯಾರಿಗಾಗಿ?

ಈ ತಿಂಗಳ ಎರಡನೇ ಶುಕ್ರವಾರದ ಖುತ್ಬಾದಲ್ಲಿ ಹಜ್ಜ್‌ಗೆ ಹೊರಡುವವರ ಸಾಮಾನಿನ ಬಗ್ಗೆ ಹತ್ತು ನಿಮಿಷ ಮಾತನಾಡಿದ್ದೆ. ನಮಾಝ್ ಮುಗಿದ ಮೇಲೆ ಹಿರಿಯರೊಬ್ಬರು ಹತ್ತಿರ ಬಂದು, "ಹಜ್ರತ್, ಮಿಂಬರಿನ ಮೇಲೆ ಸೂಟ್‌ಕೇಸಿನ ವಿಷಯ ಯಾಕೆ ಬಂತು?" ಎಂದು ನಗುತ್ತಾ ಕೇಳಿದರು. ಅವರ ಮನೆಯಿಂದಲೇ ಈ ವರ್ಷ ಇಬ್ಬರು ಹೊರಟಿದ್ದಾರೆ. ಮರುದಿನ ಅವರ ಸೊಸೆ ನನ್ನ ಮನೆಗೆ ಫೋನ್ ಮಾಡಿ, ಹೇಳಿದ್ದನ್ನೆಲ್ಲ ಬರೆದು ಕೊಡಲು ಆಗುತ್ತದೆಯೇ ಎಂದು ವಿಚಾರಿಸಿದರು. ಖುತ್ಬಾದಲ್ಲಿ ಸಮಯ ಸಾಲದೆ ಬಿಟ್ಟದ್ದನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ಸಾಮಾನಿನ ವಿಷಯ ಹಜ್ಜ್‌ಗೆ ಹೊರಗಿನದೇನೂ ಅಲ್ಲ. ಹಝ್ರತ್ ಅನಸ್(ರ) ಅವರು ಒಂಟೆಯ ಮೇಲೆ ಸಾದಾ ಜೀನು ಹಾಕಿಕೊಂಡು ಹಜ್ಜ್ ಮಾಡಿದರೆಂದೂ, ಅವರು ಜಿಪುಣರಾಗಿರಲಿಲ್ಲವೆಂದೂ ಸಹೀಹ್ ಬುಖಾರಿಯ ವರದಿಯೊಂದರಲ್ಲಿದೆ. ಪ್ರವಾದಿವರ್ಯರು(ಸ) ಹೀಗೆಯೇ ಹಜ್ಜ್‌ಗೆ ಹೊರಟಿದ್ದರು, ಅವರನ್ನು ಹೊತ್ತ ಒಂಟೆಯೇ ಅವರ ಸಾಮಾನನ್ನೂ ಹೊತ್ತಿತ್ತು ಎಂದು ಅನಸ್(ರ) ತಿಳಿಸುತ್ತಾರೆ. ಹಿಜರಿ 10ರಲ್ಲಿ, ಸಾವಿರಾರು ಸಹಾಬಿಗಳ ನಾಯಕರಾಗಿ ಮದೀನಾದಿಂದ ಹೊರಟವರಿಗೆ ಸಾಮಾನು ಹೊರಲು ಇನ್ನೊಂದು ಒಂಟೆ ಸಿಗುತ್ತಿರಲಿಲ್ಲವೇ? ಸಿಗುತ್ತಿತ್ತು. ಆದರೆ ಬೇಕಿರಲಿಲ್ಲ.

ಹಾಗೆಂದು ಬರಿಗೈಯಲ್ಲಿ ಹೊರಡುವುದೂ ಸುನ್ನತ್ ಅಲ್ಲ. ಯಮನ್‌ನ ಕೆಲವರು ತವಕ್ಕುಲ್ ಹೆಸರಿನಲ್ಲಿ ಏನನ್ನೂ ಕಟ್ಟಿಕೊಳ್ಳದೆ ಹಜ್ಜ್‌ಗೆ ಬಂದು, ಮಕ್ಕಾ ತಲುಪಿದ ಮೇಲೆ ಜನರ ಮುಂದೆ ಕೈಚಾಚುತ್ತಿದ್ದರು. ಅಲ್ ಬಕರಃ ಅಧ್ಯಾಯದ 197ನೇ ವಚನದಲ್ಲಿ ಪಾಥೇಯ ಜೊತೆಗಿಟ್ಟುಕೊಳ್ಳಬೇಕೆಂಬ ಆದೇಶ ಇಳಿದದ್ದು ಇವರ ವಿಷಯದಲ್ಲಿ ಎಂದು ಇಬ್ನು ಅಬ್ಬಾಸ್(ರ) ಹೇಳಿದ್ದಾರೆ. ಅಲ್ಲಿ ಇನ್ನೊಬ್ಬರಿಗೆ ಭಾರವಾಗದಂತೆ ಬೇಕಾದದ್ದು ಇರಬೇಕು, ಹೆಚ್ಚಿನದು ಇರಬಾರದು. ಈ ಎರಡನ್ನೂ ಒಟ್ಟಿಗೆ ಪಾಲಿಸುವುದು ಕಷ್ಟ. ನನ್ನಿಂದ ಆಗಲಿಲ್ಲ, ಅದನ್ನೇ ಮೊದಲು ಹೇಳಿಬಿಡುತ್ತೇನೆ.

ಕೆಲವು ವರ್ಷಗಳ ಹಿಂದೆ ಅಮ್ಮಿಯನ್ನು ಕರೆದುಕೊಂಡು ಹಜ್ಜ್‌ಗೆ ಹೋಗುವ ಭಾಗ್ಯ ಸಿಕ್ಕಿತು. ಅವರಿಗೆ ಆಗ ಅರವತ್ತೆಂಟು ವರ್ಷ. ಸಕ್ಕರೆ ಕಾಯಿಲೆ, ಬಿ.ಪಿ. ಎರಡೂ ಇದ್ದವು. ಹೊರಡುವ ಹಿಂದಿನ ವಾರ ಮನೆಯಲ್ಲಿ ಅಡುಗೆಯೋ ಅಡುಗೆ. ಅರವತ್ತು ಕಟಕ್ ಜೋಳದ ರೊಟ್ಟಿ, ಮೂರು ಕಿಲೋ ಶೇಂಗಾ ಚಟ್ನಿ, ಐದು ಕಿಲೋ ಅಕ್ಕಿ, ಉಪ್ಪಿನಕಾಯಿಯ ಎರಡು ಡಬ್ಬಿ, ಖಾಲಾ ಕೊಟ್ಟ ಖಾರ ಮಂಡಕ್ಕಿ. ನಾನು ಆಲಿಮ್, ಇತರರಿಗೆ ಹಜ್ಜ್ ತರಬೇತಿ ಕೊಟ್ಟವನು, ಆದರೂ ಅಮ್ಮಿಯ ಮುಂದೆ ಒಂದು ಮಾತೂ ಆಡಲಿಲ್ಲ. ಬೆಂಗಳೂರಿನ ಹಜ್ ಭವನದಲ್ಲಿ ತೂಕ ಮಾಡುವಾಗ ಮಿತಿ ಮೀರಿತು. ಹಿಂದೆ ಸಾಲು ಕಾಯುತ್ತಿತ್ತು. ಅವಸರದಲ್ಲಿ ನೆಲದ ಮೇಲೆ ಬ್ಯಾಗ್ ಬಿಚ್ಚಿ ಅಲ್ಲಿಂದಿಲ್ಲಿ, ಇಲ್ಲಿಂದಲ್ಲಿ ಹಾಕಿದೆ. ಆ ಗಡಿಬಿಡಿಯಲ್ಲಿ ಕೈಚೀಲದಲ್ಲಿದ್ದ ಅಮ್ಮಿಯ ಮಾತ್ರೆಗಳ ಪೊಟ್ಟಣ ದೊಡ್ಡ ಬ್ಯಾಗಿಗೆ ಹೋಯಿತು. ಚಟ್ನಿಯ ಡಬ್ಬಿ ಕೈಚೀಲಕ್ಕೆ ಬಂತು.

ಮಕ್ಕಾದಲ್ಲಿ ನಮ್ಮ ದೊಡ್ಡ ಬ್ಯಾಗು ಬೇರೆ ಕಟ್ಟಡಕ್ಕೆ ಹೋಗಿ, ಕೈಗೆ ಸಿಗಲು ಎರಡು ದಿನ ಹಿಡಿಯಿತು. ಉಮ್ರಾ ಮುಗಿಸಿ ಬಂದ ರಾತ್ರಿ ಅಮ್ಮಿಗೆ ತಲೆಸುತ್ತು ಬಂದು ಕುಸಿದರು. ಭಾರತೀಯ ವೈದ್ಯಕೀಯ ಕೇಂದ್ರಕ್ಕೆ ಕರೆದುಕೊಂಡು ಹೋದಾಗ ಡಾಕ್ಟರು ಕೇಳಿದ ಮೊದಲ ಪ್ರಶ್ನೆ, ಯಾವ ಮಾತ್ರೆ, ಎಷ್ಟು ಮಿಲಿಗ್ರಾಂ ಎಂದು. ನನಗೆ ಗೊತ್ತಿರಲಿಲ್ಲ. ಚೀಟಿಯೂ ಆ ಬ್ಯಾಗಿನಲ್ಲಿಯೇ ಇತ್ತು. ಅಲ್ಲಾಹನ ಕೃಪೆ, ಅಮ್ಮಿ ಚೇತರಿಸಿಕೊಂಡರು. ಆದರೆ ಆ ರಾತ್ರಿ ಅವರ ಮಂಚದ ಪಕ್ಕದಲ್ಲಿ ಕುಳಿತು, ಮೂರು ಕಿಲೋ ಚಟ್ನಿಗೆ ಜಾಗ ಮಾಡಿಕೊಟ್ಟು ಮಾತ್ರೆಯನ್ನು ಕಳೆದುಕೊಂಡೆನಲ್ಲಾ ಎಂದು ಯೋಚಿಸಿದ್ದು ಈಗಲೂ ಮರೆತಿಲ್ಲ.

ನಮ್ಮ ಮನೆಗಳಲ್ಲಿ ಈ ಪಟ್ಟಿ ಬಂದದ್ದೆಲ್ಲಿಂದ? ನನ್ನ ಅನಿಸಿಕೆಯಲ್ಲಿ ಇದು ಹಡಗಿನ ಕಾಲದ ಪಟ್ಟಿ. ನಮ್ಮ ಅಜ್ಜಂದಿರು ಬೊಂಬಾಯಿಗೆ ರೈಲಿನಲ್ಲಿ ಹೋಗಿ, ಮೊಘಲ್ ಲೈನ್ ಹಡಗಿನಲ್ಲಿ ಜಿದ್ದಾಕ್ಕೆ ಹೋಗುತ್ತಿದ್ದರು. ಮನೆ ಬಿಟ್ಟು ಮನೆ ಸೇರಲು ತಿಂಗಳುಗಳೇ ಆಗುತ್ತಿದ್ದವು. ಟ್ರಂಕು, ಹಾಸಿಗೆ, ಅಕ್ಕಿ ಬೇಳೆ ಇಲ್ಲದೆ ಅವರಿಗೆ ನಡೆಯುತ್ತಿರಲಿಲ್ಲ. 1995ರಲ್ಲಿ ನಮ್ಮ ದೇಶದಿಂದ ಹಡಗಿನ ಹಜ್ಜ್ ಯಾತ್ರೆ ನಿಂತಿತು. ಹಡಗು ನಿಂತರೂ ಪಟ್ಟಿ ಮಾತ್ರ ಅತ್ತೆಯಿಂದ ಸೊಸೆಗೆ ಬರುತ್ತಲೇ ಇದೆ. ಇಂದು ಮಕ್ಕಾದ ಕಿರಾಣಿ ಅಂಗಡಿಗಳಲ್ಲಿ ಭಾರತದ ಅಕ್ಕಿ, ಬೇಳೆ, ಮಸಾಲೆ ಎಲ್ಲವೂ ಸಿಗುತ್ತವೆ. ಕೋಣೆಯಲ್ಲಿ ಅಡುಗೆಗೆ ಅನುಮತಿ ಇದೆಯೇ ಎಂಬುದನ್ನು ಮಾತ್ರ ತರಬೇತಿಯಲ್ಲಿಯೇ ಕೇಳಿ ತಿಳಿದುಕೊಳ್ಳಿ.

ಒಂದು ಲೆಕ್ಕ ಹಾಕಿ ನೋಡಿ. ಬ್ಯಾಗನ್ನು ಎಷ್ಟು ಸಲ ಎತ್ತಿ ಇಳಿಸಬೇಕು? ಮನೆಯಿಂದ ಬಸ್ಸಿಗೆ, ಬಸ್ಸಿನಿಂದ ಹಜ್ ಭವನಕ್ಕೆ, ಅಲ್ಲಿಂದ ವಿಮಾನಕ್ಕೆ, ಮಕ್ಕಾದ ಕಟ್ಟಡದ ಬಾಗಿಲಿನಿಂದ ಕೋಣೆಗೆ, ಅಲ್ಲಿಂದ ಸುಮಾರು 450 ಕಿ.ಮೀ. ದೂರದ ಮದೀನಾದ ಬಸ್ಸಿಗೆ, ಮದೀನಾದ ಕೋಣೆಗೆ, ಮತ್ತೆ ವಿಮಾನ ನಿಲ್ದಾಣಕ್ಕೆ, ಮನೆಗೆ. ಕೆಲವು ಕಡೆ ಎತ್ತಿಕೊಡುವವರು ಇರುತ್ತಾರೆ, ಕೆಲವು ಕಡೆ ಇರುವುದಿಲ್ಲ. ಅರವತ್ತು ದಾಟಿದ ದಂಪತಿಗಳು ಮನೆಯ ಅಂಗಳದಲ್ಲಿ ತಮ್ಮ ಬ್ಯಾಗನ್ನು ತಾವೇ ಎತ್ತಿ ಇಪ್ಪತ್ತು ಹೆಜ್ಜೆ ನಡೆದು ನೋಡಲಿ. ಆಗದಿದ್ದರೆ ಬಿಚ್ಚಿ ತೆಗೆಯಲಿ.

ಇನ್ನು ಏನು ಕಟ್ಟಬೇಕು ಎಂಬುದು. ದೊಡ್ಡ ಬ್ಯಾಗಿನಿಂದ ಶುರು ಮಾಡಬೇಡಿ. ಮೊದಲು ಮಿನಾದ ಚೀಲವನ್ನು ಕಟ್ಟಿ. ನಲವತ್ತರ ಆಸುಪಾಸಿನ ದಿನ ಅಲ್ಲಿದ್ದರೂ ಹಜ್ಜ್‌ನ ಮುಖ್ಯ ಕರ್ಮಗಳು ದುಲ್‌ಹಜ್ಜ್ 8ರಿಂದ 12 ಅಥವಾ 13ರವರೆಗೆ. ಮಿನಾದ ಡೇರೆ, ಅರಫಾದ ಮೈದಾನ, ಮುಝ್ದಲಿಫಾದಲ್ಲಿ ಬಯಲಿನ ರಾತ್ರಿ, ಜಮ್ರಾಗಳಿಗೆ ನಡಿಗೆ. ಈ ದಿನಗಳಲ್ಲಿ ನಿಮ್ಮ ಜೊತೆಗಿರುವುದು ಹೆಗಲ ಮೇಲಿನ ಒಂದೇ ಚೀಲ. ಅದರಲ್ಲಿ ಗಂಡಸರಿಗೆ ಇನ್ನೊಂದು ಜೊತೆ ಇಹ್ರಾಮ್, ಎಲ್ಲರಿಗೂ ಒಂದು ಜೊತೆ ಸಾಮಾನ್ಯ ಬಟ್ಟೆ, ಹಾಸಿ ಮಲಗಲು ತೆಳು ಚಾದರ, ಮಾತ್ರೆ, ನೀರಿನ ಬಾಟಲಿ, ಒಂದು ಹಿಡಿ ಖರ್ಜೂರ, ಕೊಡೆ. ಕೊಡೆಯನ್ನು ಮರೆಯಬೇಡಿ, 2024ರ ಹಜ್ಜ್‌ನಲ್ಲಿ ಮಕ್ಕಾದ ಬಿಸಿಲು 50 ಡಿಗ್ರಿ ದಾಟಿತ್ತು. ಇಹ್ರಾಮ್‌ನಲ್ಲಿ ಸುಗಂಧ ನಿಷಿದ್ಧವಾದ್ದರಿಂದ ವಾಸನೆಯಿಲ್ಲದ ಸಾಬೂನು ಇಟ್ಟುಕೊಳ್ಳಿ. ಕಲ್ಲು ಹಾಕಿಕೊಳ್ಳಲು ಸಣ್ಣ ಬಟ್ಟೆಯ ಚೀಲವೊಂದು ಸಾಕು. 12ರಂದು ಹೊರಡುವವರಿಗೆ 49, 13ರವರೆಗೆ ನಿಲ್ಲುವವರಿಗೆ 70 ಕಲ್ಲು, ಅದೂ ಕಡಲೆ ಕಾಳಿನಷ್ಟು ದೊಡ್ಡವು. ಕೆಲವರು ಆ ಕಲ್ಲನ್ನೂ ಅತಿಯಾಗಿ ಆರಿಸಿ ಭಾರ ಮಾಡಿಕೊಳ್ಳುತ್ತಾರೆ! ಈ ಐದಾರು ದಿನ ಇಷ್ಟರಲ್ಲಿ ಕಳೆಯಲು ಸಾಧ್ಯವಾದರೆ, ಉಳಿದ ದಿನಗಳಿಗೆ ಬಹಳವೇನೂ ಬೇಕಾಗುವುದಿಲ್ಲ ಎಂಬುದು ಈ ಚೀಲ ಕಟ್ಟಿದಾಗಲೇ ಅರ್ಥವಾಗುತ್ತದೆ.

ಆಮೇಲೆ ವಿಮಾನದ ಕೈಚೀಲ. ಹೆಚ್ಚಿನ ವಿಮಾನಗಳಲ್ಲಿ ಇದಕ್ಕೆ 7 ಕೆ.ಜಿ. ಮಿತಿ. ಪಾಸ್‌ಪೋರ್ಟ್, ಲಸಿಕೆಯ ಕಾರ್ಡು, ಹಣ, ಕನ್ನಡಕ, ಮೊಬೈಲು, ಪವರ್ ಬ್ಯಾಂಕ್ ಇದರಲ್ಲಿಯೇ ಇರಬೇಕು. ಪವರ್ ಬ್ಯಾಂಕನ್ನು ದೊಡ್ಡ ಬ್ಯಾಗಿಗೆ ಹಾಕುವಂತಿಲ್ಲ. ಮಾತ್ರೆಗಳನ್ನು ಅಂಗಡಿಯ ಸ್ಟ್ರಿಪ್‌ನಲ್ಲಿಯೇ ಇಡಿ, ಡಬ್ಬಿಗೆ ಸುರಿಯಬೇಡಿ. ಔಷಧದ ಹೆಸರು ಮತ್ತು ಪ್ರಮಾಣ ಸ್ಪಷ್ಟವಾಗಿರುವ ಡಾಕ್ಟರ ಚೀಟಿ ಜೊತೆಗಿರಲಿ, ಅದರ ಫೋಟೋ ಮೊಬೈಲಿನಲ್ಲಿಯೂ ಇರಲಿ. ಇನ್ಸುಲಿನ್ ಕೈಚೀಲದಲ್ಲಿಯೇ ಇರಬೇಕು, ಕೆಳಗಿನ ಸಾಮಾನಿನ ಕೋಣೆಯ ಚಳಿಯಲ್ಲಿ ಅದು ಕೆಡಬಹುದು. ನಿಮ್ಮ ವಿಮಾನ ನೇರವಾಗಿ ಜಿದ್ದಾಕ್ಕೆ ಹೋಗುವುದಾದರೆ ಮೀಕಾತ್ ಆಕಾಶದಲ್ಲಿಯೇ ದಾಟುತ್ತದೆ. ಇಹ್ರಾಮ್ ಬಟ್ಟೆಯನ್ನು ದೊಡ್ಡ ಬ್ಯಾಗಿಗೆ ಹಾಕಿ ಕಳಿಸಿಬಿಟ್ಟು ಪರದಾಡಿದವರನ್ನು ನಾನು ನೋಡಿದ್ದೇನೆ. ಮೊದಲು ಮದೀನಾಕ್ಕೆ ಹೋಗುವವರಿಗೆ ಈ ತೊಂದರೆಯಿಲ್ಲ.

ದೊಡ್ಡ ಬ್ಯಾಗಿಗೆ ನಾಲ್ಕೈದು ಜೊತೆ ಹತ್ತಿ ಬಟ್ಟೆ ಸಾಕು. ಮಕ್ಕಾದ ಒಣ ಗಾಳಿಯಲ್ಲಿ ಒಗೆದದ್ದು ಬೇಗ ಒಣಗುತ್ತದೆ. ಹೊಸ ಚಪ್ಪಲಿ ಬೇಡ, ಎರಡು ತಿಂಗಳು ಮೆಟ್ಟಿ ಸಡಿಲವಾದದ್ದು ಬೇಕು. ಹರಮ್‌ನ ಒಳಗೆ ಹೋಗುವಾಗ ಅದನ್ನು ಹಾಕಿಕೊಳ್ಳಲು ಒಂದು ಬಟ್ಟೆಯ ಚೀಲ. ಅಲ್ಲಿನ ಪ್ಲಗ್ಗಿಗೆ ಮೂರು ಚಪ್ಪಟೆ ಕಾಲುಗಳಿರುತ್ತವೆ, ಅದಕ್ಕೆ ಹೊಂದುವ ಅಡಾಪ್ಟರ್ ಒಂದು.

ಇಲ್ಲಿ ಅಕ್ಕಂದಿರಿಗೆ ಒಂದು ಎಚ್ಚರಿಕೆ. ಗಸಗಸೆ ಸೌದಿ ಅರೇಬಿಯಾದಲ್ಲಿ ನಿಷೇಧಿತ. ಅಲ್ಲಿನ ಕಾನೂನು ಅದನ್ನು ಮಾದಕ ವಸ್ತುವಿನ ಸಾಲಿನಲ್ಲಿ ನೋಡುತ್ತದೆ. ನಮ್ಮ ಕುರ್ಮಾ ಮಸಾಲೆ ಪುಡಿಯಲ್ಲಿ ಗಸಗಸೆ ಇರುವುದು ಸಾಮಾನ್ಯ, ಪ್ರೀತಿಯಿಂದ ಪುಡಿ ಮಾಡಿ ಕೊಟ್ಟವರಿಗೆ ಅದು ನೆನಪಿರುವುದಿಲ್ಲ. ಮನೆಯ ಮಸಾಲೆ ಪುಡಿಯನ್ನೇ ಒಯ್ಯಬೇಡಿ. ಜಿದ್ದಾದಲ್ಲಿ ಕೆಲಸದಲ್ಲಿರುವ ಮಗನಿಗೆ ಕೊಡಿ ಎಂದು ನೆರೆಯವರು ಹೊಲಿದ ಪೊಟ್ಟಣ ತಂದರೆ ಮುಲಾಜಿಲ್ಲದೆ ಬೇಡವೆನ್ನಿ. ಅಮಾನತ್ತನ್ನು ತಲುಪಿಸುವುದು ಪುಣ್ಯದ ಕೆಲಸ, ನಿಜ. ಒಳಗೇನಿದೆ ಎಂದು ತಿಳಿಯದ ಅಮಾನತ್ತನ್ನು ಹೊರಲೇಬೇಕೆಂದು ಯಾವ ಫಿಕ್ಹ್ ಗ್ರಂಥವೂ ಹೇಳುವುದಿಲ್ಲ.

ಈಗ ಮನೆಯಲ್ಲಿ ಉಳಿಯುವ ನಮ್ಮೆಲ್ಲರ ವಿಷಯ. ಖುತ್ಬಾದಲ್ಲಿ ಇದನ್ನೇ ಹೆಚ್ಚು ಹೇಳಬೇಕಿತ್ತು. ಹಾಜಿಯ ಬ್ಯಾಗು ಭಾರವಾಗುವುದು ಹಾಜಿಯಿಂದಲ್ಲ. ಹೋಗುವಾಗ ನಮ್ಮ ಪ್ರೀತಿಯಿಂದ ಭಾರವಾಗುತ್ತದೆ, ಬರುವಾಗ ನಮ್ಮ ನಿರೀಕ್ಷೆಯಿಂದ. ಬೀಳ್ಕೊಡಲು ಬಂದವರು ಹಾರ ಹಾಕಿ, ಕೈಗೆ ಕವರು ಕೊಟ್ಟು, ದುಆದಲ್ಲಿ ನೆನಪಿಟ್ಟುಕೊಳ್ಳಿ ಎನ್ನುತ್ತಾರೆ. ಹಾಜಿಯ ಮನಸ್ಸಿನಲ್ಲಿ ಆ ಕವರು ಒಂದು ಸಾಲವಾಗಿ ಕೂರುತ್ತದೆ. ಅವರ ಮನೆಗೆ ಜಾನಮಾಝ್, ಇವರ ಮನೆಗೆ ಅತ್ತರು, ಭಾಭಿಗೆ ಅಬಾಯಾ, ಮಕ್ಕಳಿಗೆ ಆಟಿಕೆ. ಹದಿನೈದು ವರ್ಷ ಪಿಂಚಣಿ ಉಳಿಸಿ ಹೋದ ಒಬ್ಬರು ಎಂಬತ್ತು ಮನೆಗಳ ಪಟ್ಟಿ ಇಟ್ಟುಕೊಂಡಿದ್ದರು, ದುಡ್ಡು ಸಾಲದೆ ಜೊತೆಯವರಿಂದ ರಿಯಾಲ್ ಕೈಗಡ ಪಡೆದರು. ಹಜ್ಜ್ ಕಡ್ಡಾಯವಾದದ್ದು ಶಕ್ತಿಯಿರುವವರಿಗೆ. ತುಹ್ಫಾ ತರುವುದು ಹಜ್ಜ್‌ನ ಫರ್ಝ್, ವಾಜಿಬ್, ಸುನ್ನತ್ ಯಾವುದರಲ್ಲಿಯೂ ಇಲ್ಲ. ಅದಕ್ಕಾಗಿ ಸಾಲ ಮಾಡುವಂತೆ ಆಯಿತಲ್ಲ, ಆ ತಪ್ಪು ಅವರೊಬ್ಬರದೇ?

ಕೊಳ್ಳುವುದು ಹರಾಮ್ ಎಂದು ನಾನು ಹೇಳುತ್ತಿಲ್ಲ. ಹಜ್ಜ್‌ನ ಪ್ರಯಾಣದಲ್ಲಿ ವ್ಯಾಪಾರಕ್ಕೂ ಕುರ್‌ಆನ್ ಅನುಮತಿ ಕೊಟ್ಟಿದೆ. ಆದರೆ ಅಲ್ಲಿ ಮಾರುವ ಟೋಪಿ, ತಸ್ಬೀಹ್, ಜಾನಮಾಝ್‌ಗಳಲ್ಲಿ ಹಲವು ಚೀನಾದಲ್ಲಿ ತಯಾರಾದವು. ಅಂಥವೇ ಬೆಂಗಳೂರಿನ ಶಿವಾಜಿನಗರದಲ್ಲಿಯೂ ಸಿಗುತ್ತವೆ. ಹರಮ್‌ನ ಒಂದು ನಮಾಝ್‌ಗೆ ಬೇರೆಡೆಯ ಲಕ್ಷ ನಮಾಝ್‌ನ ಪ್ರತಿಫಲವಿದೆ ಎಂದು ಹದೀಸ್ ಓದುತ್ತೇವೆ, ಅಸರ್‌ನಿಂದ ಇಶಾವರೆಗೆ ಅಂಗಡಿ ಅಲೆಯುತ್ತೇವೆ. ಅಮ್ಮಿ ಚೇತರಿಸಿಕೊಂಡ ಮೇಲೆ ತಮ್ಮ ಪಟ್ಟಿಯನ್ನು ನನ್ನ ಕೈಯಲ್ಲಿಟ್ಟು, "ಬೇಟಾ, ಇದನ್ನು ಹರಿದುಹಾಕು, ಖರ್ಜೂರ ಸಾಕು" ಎಂದರು. ಊರಿಗೆ ಬಂದ ಮೇಲೆ ಪ್ರತಿ ಮನೆಗೆ ಮೂರು ಖರ್ಜೂರ, ಒಂದು ಲೋಟದಲ್ಲಿ ಝಮ್‌ಝಮ್ ಕೊಟ್ಟೆವು. ಇಬ್ಬರೋ ಮೂವರೋ ಮುಖ ಸಣ್ಣದು ಮಾಡಿದರು. ಅಷ್ಟೇ.

ಆದ್ದರಿಂದ ಈ ವರ್ಷ ನಿಮ್ಮ ಮನೆಯಿಂದ, ಓಣಿಯಿಂದ ಹೊರಡುವವರಿಗೆ ಯಾವ ಪಟ್ಟಿಯನ್ನೂ ಕೊಡಬೇಡಿ. "ನಮಗೇನೂ ತರಬೇಡಿ, ದುಆ ಮಾಡಿ" ಎಂದು ಬಾಯಿಬಿಟ್ಟು ಹೇಳಿ. ಮನಸ್ಸಿನಲ್ಲಿ ಅಂದುಕೊಂಡರೆ ಅವರಿಗೆ ತಿಳಿಯುವುದಿಲ್ಲ. ಮರಳುವಾಗ ಝಮ್‌ಝಮ್ ಅನ್ನು ದೊಡ್ಡ ಬ್ಯಾಗಿನಲ್ಲಿ ತುಂಬಿ ತರಬೇಕಾಗಿಲ್ಲ, ತರಲು ಬಿಡುವುದೂ ಇಲ್ಲ. ಹಜ್ ಕಮಿಟಿಯ ಯಾತ್ರಿಕರಿಗೆ ತಲಾ 5 ಲೀಟರ್ ಕ್ಯಾನ್ ಇಲ್ಲಿಗೆ ಬಂದಿಳಿದ ಮೇಲೆ ಸಿಗುತ್ತದೆ.

ತೂಕದ ಮಿತಿ ವರ್ಷದಿಂದ ವರ್ಷಕ್ಕೆ ಬದಲಾಗುವುದರಿಂದ ಈ ಸಾಲಿನ ಸುತ್ತೋಲೆಯನ್ನೇ ನೋಡಿ, ಹೋದ ವರ್ಷದವರ ಮಾತು ಕೇಳಬೇಡಿ. ಬ್ಯಾಗನ್ನು ತೂಗಿಹಾಕಿ ತೂಕ ನೋಡುವ ಸಣ್ಣ ಯಂತ್ರವೊಂದನ್ನು ಮಸೀದಿಯ ಕಚೇರಿಗೆ ತಂದಿದ್ದೇವೆ. ಅಸರ್ ನಮಾಝ್‌ನಿಂದ ಮಗ್ರಿಬ್‌ವರೆಗೆ ನಾನು ಅಲ್ಲಿರುತ್ತೇನೆ. ಹೊರಡುವ ಹಿಂದಿನ ದಿನ ಬೇಡ, ಒಂದು ವಾರ ಮೊದಲೇ ತನ್ನಿ. ತೆಗೆಯಬೇಕಾದದ್ದನ್ನು ತೆಗೆಯಲು ಸಮಯವಿರುತ್ತದೆ.