ಎಫ್‌ಎಂ ಲೆಕ್ಕದಲ್ಲಿ ಬ್ಯಾರಿ ಭಾಷೆ ಎಲ್ಲಿದೆ?

2001ರ ಜುಲೈ 3ರಂದು ಬೆಂಗಳೂರಿನಲ್ಲಿ ರೇಡಿಯೋ ಸಿಟಿ ಶುರುವಾಯಿತು. ದೇಶದ ಮೊದಲ ಖಾಸಗಿ ಎಫ್‌ಎಂ ಅದು. ಆದರೆ ಆರಂಭದಲ್ಲಿ ಹಿಂದಿ, ಇಂಗ್ಲಿಷ್ ಹಾಡುಗಳದ್ದೇ ಅಬ್ಬರ. ಕನ್ನಡಕ್ಕೆ ಮುಖ್ಯ ಜಾಗ ಸಿಕ್ಕಿದ್ದು ಆಮೇಲೆ. ಇದರಲ್ಲಿ ಭಾಷಾಭಿಮಾನಕ್ಕಿಂತ ವ್ಯಾಪಾರದ ಲೆಕ್ಕವೇ ದೊಡ್ಡದು ಅನ್ನಬೇಕು.

ಮೊದಲ ಹಂತದಲ್ಲಿ ಲೈಸೆನ್ಸ್ ಶುಲ್ಕ ಅಂದರೆ ಹರಾಜಿನಲ್ಲಿ ಕೂಗಿದ ಮೊತ್ತ. ಅದೂ ವರ್ಷಕ್ಕೆ ಶೇ. 15ರಷ್ಟು ಏರುತ್ತಿತ್ತು. ಅಂಗಡಿಯಲ್ಲಿ ವ್ಯಾಪಾರ ಆಗಲಿ ಬಿಡಲಿ, ಬಾಡಿಗೆ ಕಟ್ಟಲೇಬೇಕಲ್ಲ, ಹಾಗೆ. 2005ರ ಎರಡನೇ ಹಂತದಲ್ಲಿ ಸರ್ಕಾರ ವಾರ್ಷಿಕ ಶುಲ್ಕವನ್ನು ಒಟ್ಟು ಆದಾಯದ ಶೇ. 4ಕ್ಕೆ ಇಳಿಸಿತು. ಮಂಗಳೂರಿಗೂ ಖಾಸಗಿ ಎಫ್‌ಎಂ ಬಂತು. ಪೈಪೋಟಿ ಹೆಚ್ಚಿದಂತೆ ಸ್ಟೇಷನ್‌ಗಳು ಹೆಚ್ಚು ಕೇಳುಗರಿರುವ ಭಾಷೆಯ ಕಡೆ ವಾಲಿದವು.

ಜಾಹೀರಾತು ಕೊಡುವವರು ತಲೆ ಎಣಿಸುತ್ತಾರೆ. ಹಾಗಾಗಿ ಈ ಲೆಕ್ಕದಲ್ಲಿ ಬ್ಯಾರಿ ಭಾಷೆಗೆ ಜಾಗ ಸಿಗುವುದು ಕಷ್ಟ. ಬ್ಯಾರಿ ಕೇಳಿಸಿದ್ದು 1976ರಲ್ಲಿ ಆರಂಭವಾದ ಮಂಗಳೂರು ಆಕಾಶವಾಣಿಯಲ್ಲಿ, ಮತ್ತೆ ಸೇಂಟ್ ಅಲೋಶಿಯಸ್ ಕಾಲೇಜಿನ ರೇಡಿಯೋ ಸಾರಂಗ್ 107.8ರಲ್ಲಿ.

ಸಾರಂಗ್ ಸಮುದಾಯ ರೇಡಿಯೋ. ಇಂಥ ಲೈಸೆನ್ಸ್ ಮೊದಲು ಶಿಕ್ಷಣ ಸಂಸ್ಥೆಗಳಿಗಷ್ಟೇ ಇತ್ತು. 2006ರಿಂದ ಲಾಭದ ಉದ್ದೇಶವಿಲ್ಲದ ನೋಂದಾಯಿತ ಸಂಸ್ಥೆಗಳಿಗೂ ಸಿಗುತ್ತದೆ. ಕನಿಷ್ಠ ಮೂರು ವರ್ಷ ಊರಿನ ಸೇವೆ ಮಾಡಿರಬೇಕು. ಒಬ್ಬ ವ್ಯಕ್ತಿಗೆ, ರಾಜಕೀಯ ಪಕ್ಷಕ್ಕೆ ಕೊಡುವುದಿಲ್ಲ. ಸಾಮಾನ್ಯವಾಗಿ 100 ವ್ಯಾಟ್‌ನ ಸಣ್ಣ ಪ್ರಸಾರ; ಸ್ವಂತ ಸುದ್ದಿ ಓದುವ ಹಾಗಿಲ್ಲ. ಆದರೆ ಕಾರ್ಯಕ್ರಮದ ಅರ್ಧದಷ್ಟಾದರೂ ಸ್ಥಳೀಯ ಜನರನ್ನು ಸೇರಿಸಿಕೊಂಡೇ ತಯಾರಾಗಬೇಕು, ಆದಷ್ಟೂ ಅವರ ಮನೆಮಾತಿನಲ್ಲೇ ಇರಬೇಕು ಅಂತ ನಿಯಮವೇ ಹೇಳುತ್ತದೆ.