ಶಿಲಾಸಮಾಧಿಯ ಉತ್ಖನನ

ಕನ್ನಡ ನಾಡಿನ ಅನೇಕ ಬೆಟ್ಟ ಬಯಲುಗಳಲ್ಲಿ ದೊಡ್ಡ ಚಪ್ಪಡಿಗಳಿಂದ ರಚಿತವಾದ ಪ್ರಾಚೀನ ಗೋರಿಗಳಿವೆ. ಜನರು ಇವನ್ನು ‘ಪಾಂಡವರ ಮನೆ’, ‘ಮೋರ್ಯರ ಮನೆ’ ಎಂದು ಕರೆಯುವುದು ರೂಢಿ. ಇವು ಕಬ್ಬಿಣದ ಬಳಕೆಯನ್ನು ಬಲ್ಲ ಜನರು ತಮ್ಮ ಮೃತರಿಗಾಗಿ ಕಟ್ಟಿದ ಬೃಹತ್ ಶಿಲಾಸಮಾಧಿಗಳೆಂಬುದು ವಿದ್ವಾಂಸರ ನಿರ್ಣಯ. ಇವುಗಳೊಳಗೆ ನಿಧಿಯಿದೆಯೆಂಬ ಭ್ರಮೆ ಮಾತ್ರ ಇನ್ನೂ ಅಳಿದಿಲ್ಲ.

ಇಂಥ ಗೋರಿಯನ್ನು ಒಮ್ಮೆ ಮಾತ್ರ ತೆರೆಯಲು ಸಾಧ್ಯ. ಉತ್ಖನನವೂ ಒಂದು ಬಗೆಯ ನಾಶವೇ ಸರಿ. ಬರೆದಿಟ್ಟ ದಾಖಲೆಯೊಂದೇ ಆ ನಾಶವನ್ನು ಜ್ಞಾನವಾಗಿ ಪರಿವರ್ತಿಸುತ್ತದೆ. ಆದುದರಿಂದ ಉತ್ಖನನದ ದಿನವು ಗುದ್ದಲಿಯಿಂದ ಆರಂಭವಾಗುವುದಿಲ್ಲ. ಮೊದಲು ಪೊದೆಗಳನ್ನು ಸವರಿ, ಕಲ್ಲುಗಳಿರುವ ಸ್ಥಿತಿಯಲ್ಲಿಯೇ ನಕ್ಷೆ ಬರೆದು, ಛಾಯಾಚಿತ್ರ ತೆಗೆಯುತ್ತಾರೆ. ಗೂಟ ನೆಟ್ಟು ದಾರ ಕಟ್ಟಿ ನೆಲವನ್ನು ಭಾಗಿಸುತ್ತಾರೆ. ಬಳಿಕ ಮಣ್ಣನ್ನು ಪದರಪದರವಾಗಿ ತೆಗೆದು ಜರಡಿ ಹಿಡಿಯುತ್ತಾರೆ. ಮಡಕೆಯ ಚೂರು ಕಂಡಲ್ಲಿ ಕರಣೆ, ಕುಂಚಗಳಿಂದ ಸುತ್ತಣ ಮಣ್ಣನ್ನು ಬಿಡಿಸಿ, ಆಳವನ್ನು ಅಳೆದು ಗುರುತಿಸಿದ ಮೇಲೆಯೇ ಅದನ್ನು ಎತ್ತುತ್ತಾರೆ. ಸಂಜೆ ಟಿಪ್ಪಣಿ ಪೂರ್ಣವಾಗದೆ ಆ ದಿನದ ಕಾರ್ಯ ಮುಗಿಯದು.

ಸಕಲೇಶಪುರ, ಆಲೂರು ತಾಲ್ಲೂಕುಗಳ ಬೆಟ್ಟಸೀಮೆಯಂಥ ಮಲೆನಾಡಿನಲ್ಲಿ ಈ ಕಾರ್ಯ ಇನ್ನೂ ಕಠಿಣ. ಮಳೆಯಿಲ್ಲದ ತಿಂಗಳುಗಳಲ್ಲಿ ಮಾತ್ರ ಅಗೆತಕ್ಕೆ ಅನುಕೂಲ. ಆಮ್ಲಗುಣವುಳ್ಳ ಮಣ್ಣು ಎಲುಬುಗಳನ್ನು ಕರಗಿಸಿಬಿಡುತ್ತದೆ. ಎಲುಬು ದೊರೆಯಲಿಲ್ಲವೆಂದ ಮಾತ್ರಕ್ಕೆ ಅದು ಗೋರಿಯಲ್ಲವೆನ್ನಲಾಗದು. ಅಲ್ಲಿ ಮಣ್ಣಿನ ಬಣ್ಣ, ಮಡಕೆಗಳ ಜೋಡಣೆಗಳೇ ಸಾಕ್ಷಿ. ನೆರೆಯ ಕೊಡಗಿನಲ್ಲಿ 19ನೆಯ ಶತಮಾನದಲ್ಲಿಯೇ ಬ್ರಿಟಿಷ್ ಅಧಿಕಾರಿಗಳು ಇಂಥ ಗೋರಿಗಳನ್ನು ತೆರೆಯಿಸಿದ್ದರು.

ಪದರಗಳನ್ನು ಓದುವ ಶಾಸ್ತ್ರೀಯ ಕ್ರಮಕ್ಕೆ ನಮ್ಮ ನಾಡಿನಲ್ಲಿ ಮಾದರಿಯಾದುದು ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ. 1947ರಲ್ಲಿ ಮಾರ್ಟಿಮರ್ ವೀಲರರು ಅಲ್ಲಿ ನಡೆಸಿದ ಉತ್ಖನನದಲ್ಲಿ, ಚಪ್ಪಡಿಗಳಿಂದ ಕಟ್ಟಿದ ಕಲ್ಕೋಣೆಗಳು, ಅವುಗಳ ಒಂದು ಚಪ್ಪಡಿಯಲ್ಲಿ ಕೊರೆದ ದುಂಡನೆಯ ಕಂಡಿ, ಕಪ್ಪು-ಕೆಂಪು ಬಣ್ಣದ ಮಡಕೆಗಳು, ಕಬ್ಬಿಣದ ಆಯುಧಗಳು ಬೆಳಕಿಗೆ ಬಂದವು. ಎಲುಬುಗಳು ಮಾತ್ರ ಇಡೀ ದೇಹದವಾಗಿರದೆ, ಬೇರೆಡೆ ಮಾಂಸವಳಿದ ಮೇಲೆ ಆಯ್ದು ತಂದಿಟ್ಟವಾಗಿದ್ದವು.

ಮೃತರಿಗೆ ಭೂಸಮಾಧಿ ನೀಡುವ ವೀರಶೈವ ಸಂಪ್ರದಾಯವನ್ನು ಬಲ್ಲ ಕೆಲವರಿಗೆ ಈ ಗೋರಿಗಳು ಅದರ ಪೂರ್ವರೂಪವೆಂದು ತೋರಬಹುದು. ಆದರೆ ಬಿಡಿ ಎಲುಬುಗಳನ್ನು ಕೂಡಿಸಿಡುವ ಕ್ರಮ ಬೇರೆ, ಇಡೀ ದೇಹವನ್ನು ಕುಳ್ಳಿರಿಸುವ ಕ್ರಮ ಬೇರೆ. ಹೋಲಿಕೆಯೇ ಸಂಬಂಧವಲ್ಲ. ಈ ವಿವೇಕವೂ ಎಲುಬುಗಳಿದ್ದ ಸ್ಥಿತಿಯನ್ನು ಬರೆದಿಟ್ಟದ್ದರ ಫಲ.

ಕಾಲನಿರ್ಣಯದ ವಿಷಯವೂ ಹೀಗೆಯೇ. ಬ್ರಹ್ಮಗಿರಿಯ ಗೋರಿಗಳ ಆರಂಭವನ್ನು ವೀಲರರು ಕ್ರಿ.ಪೂ. 200ರ ಸುಮಾರಿಗೆ ಇಟ್ಟಿದ್ದರು. 1965ರಲ್ಲಿ ತುಂಗಭದ್ರೆಯ ದಡದ ಹಳ್ಳೂರಿನಲ್ಲಿ ಎಂ. ಎಸ್. ನಾಗರಾಜರಾಯರು ನಡೆಸಿದ ಉತ್ಖನನದಲ್ಲಿ ದೊರೆತ ಇದ್ದಿಲನ್ನು ಪರೀಕ್ಷಿಸಿದಾಗ, ಕಬ್ಬಿಣದ ಬಳಕೆ ಕ್ರಿ.ಪೂ. 1000ದಷ್ಟು ಹಿಂದಕ್ಕೆ ಸರಿಯಿತು. ಒಂದು ಹಿಡಿ ಇದ್ದಿಲು ಶತಮಾನಗಳ ಲೆಕ್ಕವನ್ನು ತಿದ್ದಿತು. ಯಾವ ಪದರದ್ದೆಂದು ತಿಳಿಯದ ಇದ್ದಿಲಾಗಿದ್ದರೆ ಅದು ಒಲೆಯ ಬೂದಿಗೆ ಸಮಾನ.

ನಿಧಿಯಾಸೆಯಿಂದ ಅಗೆಯುವವನಿಗೆ ದೊರೆಯುವುದು ಒಡೆದ ಮಡಕೆ, ತುಕ್ಕು ಹಿಡಿದ ಕಬ್ಬಿಣ. ನಾಡಿಗೆ ಆಗುವ ನಷ್ಟವಾದರೋ ಮರಳಿ ತುಂಬಲಾಗದ್ದು. ತೋಟದಲ್ಲಿ ಗುಂಡಿ ತೋಡುವಾಗಲೋ ಕಲ್ಲು ಕೀಳುವಾಗಲೋ ಇಂಥ ಚಪ್ಪಡಿ ಎದುರಾದರೆ, ಕೆಲಸವನ್ನು ಅಲ್ಲಿಯೇ ನಿಲ್ಲಿಸಿ ತಹಶೀಲ್ದಾರರಿಗೋ ಪುರಾತತ್ವ ಇಲಾಖೆಗೋ ತಿಳಿಸುವುದು ಭೂಮಿಯ ಒಡೆಯನ ಕರ್ತವ್ಯ. ಹೆಸರಿಲ್ಲದೆ ಮಲಗಿದ ಆ ಪ್ರಾಚೀನರಿಗೆ ಸಲ್ಲಿಸಬಹುದಾದ ಗೌರವವೂ ಅದೇ.