ಹಾಕಲು ಅರ್ಧ ತಾಸು, ನೋಡಿಕೊಳ್ಳಲು ಹಲವು ವರ್ಷ

2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಕಂಪನಿ ವಿಂಡೋಸ್ 10ರ ಬೆಂಬಲ ನಿಲ್ಲಿಸಿತು. ಮರುದಿನವೂ ಕಂಪ್ಯೂಟರುಗಳು ಎಂದಿನಂತೆ ಚಾಲೂ ಆದವು. ಹೀಗಾಗಿ ಏನೋ ಕಳೆದುಕೊಂಡೆವು ಎಂದು ಹೆಚ್ಚಿನವರಿಗೆ ಅನ್ನಿಸಲೇ ಇಲ್ಲ. ಕಳೆದದ್ದು ಕಣ್ಣಿಗೆ ಕಾಣುವಂಥದ್ದಲ್ಲ: ಹೊಸದಾಗಿ ಪತ್ತೆಯಾಗುವ ಭದ್ರತಾ ದೋಷಗಳನ್ನು ಮುಚ್ಚುವ ಅಪ್‌ಡೇಟುಗಳು. ವಿಂಡೋಸ್ 11ಕ್ಕೆ ಹೋಗೋಣವೆಂದರೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ಪು ಬೇಕು. ಇಂಟೆಲ್ ಪ್ರೊಸೆಸರ್ ಆದರೆ ಎಂಟನೆಯ ಪೀಳಿಗೆ ಅಥವಾ ಅದರ ಮುಂದಿನದಿರಬೇಕು. 2017ಕ್ಕಿಂತ ಮೊದಲು ಕೊಂಡ ಬಹುಪಾಲು ಯಂತ್ರಗಳು ಈ ಅಳತೆಗೆ ಬರುವುದಿಲ್ಲ. ಹುಬ್ಬಳ್ಳಿ-ಧಾರವಾಡದ ಯಾವ ಶಾಲೆಯ ಲ್ಯಾಬ್, ಯಾವ ಸಹಕಾರಿ ಸಂಘ, ಯಾವ ಸಣ್ಣ ಕಚೇರಿಯಲ್ಲಿ ಇಂಥ ಯಂತ್ರಗಳಿವೆಯೋ ಅವು ಈಗ ಒಂದು ತೀರ್ಮಾನಕ್ಕೆ ಬರಲೇಬೇಕು. ಚೆನ್ನಾಗಿ ಕೆಲಸ ಮಾಡುತ್ತಿರುವ ಯಂತ್ರವನ್ನು ಗುಜರಿಗೆ ಹಾಕುವ ಮೊದಲು ಅದಕ್ಕೆ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಂ (ಓಎಸ್) ಹಾಕಬೇಕು ಎಂಬುದು ನನ್ನ ವಾದ. ಆದರೆ ಲಿನಕ್ಸಿಗೆ ಕಾಸು ಕೊಡಬೇಕಿಲ್ಲ ಎಂಬ ಒಂದೇ ಕಾರಣಕ್ಕೆ ಹಾಕುವವರು ವರ್ಷದೊಳಗೆ ಕೈಸುಟ್ಟುಕೊಳ್ಳುತ್ತಾರೆ. ಅದನ್ನು ನೋಡಿಕೊಳ್ಳುವವರು ಯಾರು ಎಂಬುದು ಮೊದಲು ಗೊತ್ತಾಗಬೇಕು.

ಲಿನಕ್ಸ್ ಎಂದರೆ ಎಂಜಿನಿಯರಿಂಗ್ ಹುಡುಗರ ಆಟಿಕೆ, ನಮ್ಮ ಗುಮಾಸ್ತರಿಗೆ ಒಗ್ಗದು ಎನ್ನುವವರು ಅವಳಿನಗರದ ನ್ಯಾಯಾಲಯಗಳತ್ತ ನೋಡಬೇಕು. ಸುಪ್ರೀಂ ಕೋರ್ಟಿನ ಇ-ಸಮಿತಿ ನಡೆಸುವ ಇ-ಕೋರ್ಟ್ಸ್ ಯೋಜನೆ 2007ರಲ್ಲಿ ಶುರುವಾಯಿತು. ದೇಶದ ಜಿಲ್ಲಾ ಮತ್ತು ತಾಲೂಕು ನ್ಯಾಯಾಲಯಗಳಿಗೆ ಅದು ಆರಿಸಿಕೊಂಡದ್ದು ಲಿನಕ್ಸಿನ ಒಂದು ರೂಪವಾದ ಉಬುಂಟುವನ್ನು. ಪ್ರಕರಣ ದಾಖಲಾಗುವುದರಿಂದ ಹಿಡಿದು ಮುಂದಿನ ದಿನಾಂಕದವರೆಗೆ ಎಲ್ಲವನ್ನೂ ಹಿಡಿದಿಡುವ ಸಿಐಎಸ್ ತಂತ್ರಾಂಶವೂ ಮುಕ್ತ ತಂತ್ರಾಂಶದ ಮೇಲೆಯೇ ಕಟ್ಟಿದ್ದು. ಧಾರವಾಡದ ಜಿಲ್ಲಾ ನ್ಯಾಯಾಲಯವಾಗಲಿ, ಹುಬ್ಬಳ್ಳಿಯ ತಿಮ್ಮಸಾಗರದ ನ್ಯಾಯಾಲಯ ಸಂಕೀರ್ಣವಾಗಲಿ ಈ ಯೋಜನೆಯ ಹೊರಗಿಲ್ಲ. ಶಿರಸ್ತೇದಾರರು, ಬೆಂಚ್ ಕ್ಲರ್ಕುಗಳು, ಬೆರಳಚ್ಚುಗಾರರು ಯಾರೂ ಕಂಪ್ಯೂಟರ್ ಸೈನ್ಸ್ ಓದಿ ಬಂದವರಲ್ಲ. ಇಲ್ಲಿ ಗಮನಿಸಬೇಕಾದದ್ದು ಸಮಿತಿ ಬರೀ ಸಿ.ಡಿ. ಕೊಟ್ಟು ಕೈತೊಳೆದುಕೊಳ್ಳಲಿಲ್ಲ ಎಂಬುದನ್ನು. ನ್ಯಾಯಾಧೀಶರಲ್ಲೇ ಮಾಸ್ಟರ್ ಟ್ರೇನರುಗಳನ್ನು ತಯಾರು ಮಾಡಿತು, ಸಿಬ್ಬಂದಿಯಿಂದಲೇ ಜನರನ್ನು ಆರಿಸಿ ಡಿಸ್ಟ್ರಿಕ್ಟ್ ಸಿಸ್ಟಂ ಅಡ್ಮಿನಿಸ್ಟ್ರೇಟರ್ ಎಂಬ ಹೊಣೆ ಕೊಟ್ಟು ತರಬೇತಿ ನೀಡಿತು. ಯಂತ್ರ ಮುನಿಸಿಕೊಂಡಾಗ ಯಾರನ್ನು ಕರೆಯಬೇಕು ಎಂಬ ಪ್ರಶ್ನೆಗೆ ಅಲ್ಲಿ ಉತ್ತರವಿದೆ.

ಈ ಹೊಣೆ ಎಂದರೆ ಏನು? ಹಾಕುವ ಕೆಲಸ ನಿಜಕ್ಕೂ ಚಿಕ್ಕದು. ಹಳೆಯ ಯಂತ್ರಕ್ಕೆ ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿ ಹೊಂದುತ್ತದೆ. ಅದಕ್ಕೆ 2 ಜಿಬಿ ರ‍್ಯಾಮ್ ಸಾಕು, 4 ಜಿಬಿ ಇದ್ದರೆ ಸಲೀಸು. ಅದರ ಐಎಸ್ಒ ಕಡತವನ್ನು ಇಳಿಸಿಕೊಂಡು, ಜಾಲತಾಣದಲ್ಲಿ ಕೊಟ್ಟಿರುವ ಚೆಕ್‌ಸಮ್ ಎಂಬ ಪರಿಶೀಲನಾ ಸಂಖ್ಯೆಯ ಜೊತೆ ತಾಳೆ ನೋಡಿ, ಪೆನ್‌ಡ್ರೈವಿಗೆ ಬರೆದು, ಅದರಿಂದಲೇ ಯಂತ್ರ ಚಾಲೂ ಮಾಡಬಹುದು. ಹಾರ್ಡ್‌ಡಿಸ್ಕ್ ಮುಟ್ಟದೆಯೇ ಇಡೀ ವ್ಯವಸ್ಥೆ ಪರದೆಗೆ ಬರುತ್ತದೆ. ವೈಫೈ ಹಿಡಿಯುತ್ತದೆಯೇ, ಪ್ರಿಂಟರ್ ಮುದ್ರಿಸುತ್ತದೆಯೇ, ಸ್ಪೀಕರ್ ಸದ್ದು ಮಾಡುತ್ತದೆಯೇ ಎಂದು ಆಗಲೇ ಪರೀಕ್ಷಿಸಿಕೊಳ್ಳಬೇಕು. ಆಮೇಲೆ ಇರುವ ಕಡತಗಳ ನಕಲು ತೆಗೆದಿಟ್ಟು ಇನ್‌ಸ್ಟಾಲ್ ಒತ್ತುವುದು. ಒಂದು ಎಚ್ಚರಿಕೆ ಮಾತ್ರ ಬಹಳ ಮುಖ್ಯ: ಬಳಕೆದಾರರ ಕಡತಗಳಿರುವ ‘ಹೋಮ್’ ಭಾಗಕ್ಕೆ ಡಿಸ್ಕಿನಲ್ಲಿ ಬೇರೆಯೇ ಪಾರ್ಟಿಷನ್ ಕೊಡಬೇಕು. ಮುಂದೆಂದಾದರೂ ಓಎಸ್ ಕೆಟ್ಟು ಮತ್ತೆ ಹಾಕಬೇಕಾಗಿ ಬಂದರೆ, ಆ ಭಾಗವನ್ನು ಫಾರ್ಮ್ಯಾಟ್ ಮಾಡದೆ ಬಿಟ್ಟರೆ ಸಾಕು, ಪತ್ರ-ಲೆಕ್ಕಗಳು ಇದ್ದಲ್ಲಿಯೇ ಉಳಿಯುತ್ತವೆ.

ದೊಡ್ಡ ಕೆಲಸ ಇರುವುದು ಆಮೇಲೆ. ಮೂವತ್ತು ಕಂಪ್ಯೂಟರುಗಳ ಲ್ಯಾಬನ್ನೇ ತೆಗೆದುಕೊಳ್ಳಿ. ವಿದ್ಯಾರ್ಥಿಗಳ ಖಾತೆಗೆ ಸುಡೋ ಅಧಿಕಾರ, ಎಂದರೆ ವ್ಯವಸ್ಥೆಯನ್ನೇ ಬದಲಿಸುವ ಅಧಿಕಾರ ಇರಕೂಡದು. ಅದು ಅಡ್ಮಿನ್ ಖಾತೆಗೆ ಮಾತ್ರ. ಗುಪ್ತಪದವನ್ನು ಮಾನಿಟರಿನ ಮೇಲೆ ಚೀಟಿ ಬರೆದು ಅಂಟಿಸಿದರೆ ಈ ಏರ್ಪಾಡೆಲ್ಲ ನೀರುಪಾಲು. ಭದ್ರತಾ ಅಪ್‌ಡೇಟುಗಳು ತಾವಾಗಿಯೇ ಬರುವಂತೆ ಹೊಂದಿಸಿ, ನಿಜವಾಗಿಯೂ ಬಂದಿವೆಯೇ ಎಂದು ವಾರಕ್ಕೊಮ್ಮೆ ನೋಡಬೇಕು. ಮೂವತ್ತು ಯಂತ್ರಗಳೂ ಅದೇ ಅಪ್‌ಡೇಟನ್ನು ಬೇರೆಬೇರೆಯಾಗಿ ಇಳಿಸಿಕೊಂಡರೆ ಡೇಟಾ ಮೂವತ್ತು ಪಟ್ಟು ಖರ್ಚಾಗುತ್ತದೆ. ಒಂದು ಯಂತ್ರದಲ್ಲಿ ಆಪ್ಟ್-ಕ್ಯಾಷರ್ ಕೂರಿಸಿದರೆ ಅದು ಒಮ್ಮೆ ತಂದದ್ದನ್ನು ಉಳಿದವಕ್ಕೆ ಹಂಚುತ್ತದೆ. ಇನ್ನು ಬ್ಯಾಕಪ್. ಆರ್‌ಸಿಂಕ್ ಎಂಬ ಸಾಧನ ಬದಲಾದ ಕಡತಗಳನ್ನಷ್ಟೇ ಹೊರಗಿನ ಡಿಸ್ಕಿಗೆ ನಕಲಿಸುತ್ತದೆ. ಆದರೆ ಆ ನಕಲಿನಿಂದ ಒಂದು ಕಡತವನ್ನಾದರೂ ಮರಳಿ ತೆಗೆದು ನೋಡದವರ ಬಳಿ ಬ್ಯಾಕಪ್ ಇದೆ ಎಂದು ನಂಬುವಂತಿಲ್ಲ. ಇವೆಲ್ಲ ರಾಕೆಟ್ ವಿಜ್ಞಾನವಲ್ಲ, ಶಿಸ್ತಿನ ಕೆಲಸ. ಒಂದು ಲ್ಯಾಬಿಗೆ ವಾರದಲ್ಲಿ ಎರಡು-ಮೂರು ತಾಸು ಕೊಡಬಲ್ಲ ಒಬ್ಬ ಮನುಷ್ಯ ಸಾಕು. ಆದರೆ ಆ ಒಬ್ಬ ಇರಲೇಬೇಕು.

ಕನ್ನಡದ ಗತಿ ಏನು ಎಂದು ಕೇಳುವುದು ಸಹಜ. ಕನ್ನಡ ಗಣಕ ಪರಿಷತ್ತಿನ ಹೆಸರು ಹೊತ್ತ ಕಗಪ ಕೀಲಿಮಣೆ ವಿನ್ಯಾಸ ಲಿನಕ್ಸಿನ ಒಳಗೇ ಇದೆ. ಕೀಬೋರ್ಡ್ ಸೆಟ್ಟಿಂಗಿನಲ್ಲಿ ಆರಿಸಿದರೆ ನುಡಿ ತಂತ್ರಾಂಶಕ್ಕೆ ಪಳಗಿದ ಬೆರಳುಗಳಿಗೆ ಹೆಚ್ಚು ಕಷ್ಟವಾಗದು. ನಿಜವಾದ ತೊಡಕು ಹಳೆಯ ಕಡತಗಳದು. ಯೂನಿಕೋಡ್ ಅಲ್ಲದ ನುಡಿ ಫಾಂಟುಗಳಲ್ಲಿ ವರ್ಷಗಟ್ಟಲೆ ಟೈಪು ಮಾಡಿದ ಠರಾವು, ನಡಾವಳಿ, ಪ್ರಶ್ನೆಪತ್ರಿಕೆಗಳು ಆ ಫಾಂಟಿಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ತೆರೆದುಕೊಳ್ಳುತ್ತವೆ. ಇದು ಲಿನಕ್ಸಿನ ತಪ್ಪಲ್ಲ, ಫಾಂಟಿಲ್ಲದ ವಿಂಡೋಸಿನಲ್ಲೂ ಇದೇ ಪಾಡು. ಇವನ್ನು ಯೂನಿಕೋಡಿಗೆ ತಿರುಗಿಸುವ ಪರಿವರ್ತಕಗಳು ಉಚಿತವಾಗಿಯೇ ಸಿಗುತ್ತವೆ. ತಿರುಗಿಸಿದ ಮೇಲೆ ಒತ್ತಕ್ಷರ, ಅಂಕಿಗಳನ್ನು ಕಣ್ಣಿಟ್ಟು ತಿದ್ದಬೇಕಾಗುತ್ತದೆ. ಬೇಸರದ ಕೆಲಸ, ಒಪ್ಪುತ್ತೇನೆ. ಓಎಸ್ ಯಾವುದೇ ಇರಲಿ, ಅದನ್ನು ಎಂದಾದರೊಂದು ದಿನ ಮಾಡಲೇಬೇಕು.

ಅಮರಗೋಳದ ಎಪಿಎಂಸಿಯಲ್ಲಿ ವ್ಯಾಪಾರ ಮಾಡುವವರು ಟ್ಯಾಲಿ ಬಿಟ್ಟು ಹೇಗೆ ಬದುಕಬೇಕು ಎಂಬ ಆಕ್ಷೇಪಕ್ಕೆ ನನ್ನಲ್ಲಿ ಜಾಣ ಉತ್ತರವಿಲ್ಲ. ಲೆಕ್ಕಪತ್ರದ ಆ ತಂತ್ರಾಂಶ ವಿಂಡೋಸಿಗೆಂದೇ ಮಾಡಿದ್ದು. ಅದನ್ನೇ ನೆಚ್ಚಿದ ಅಂಗಡಿ ಅದಕ್ಕೊಂದು ವಿಂಡೋಸ್ 11 ಯಂತ್ರ ಇಟ್ಟುಕೊಳ್ಳಲಿ. ಪತ್ರ ಬರೆಯುವ, ಇಂಟರ್ನೆಟ್ ನೋಡುವ, ಮಕ್ಕಳು ಪಾಠ ಕಲಿಯುವ ಯಂತ್ರಗಳಿಗೂ ಅದೇ ಬೇಕು ಎಂದು ಇದರಿಂದ ಸಿದ್ಧವಾಗುವುದಿಲ್ಲ.

ಹೆಚ್ಚು ತೂಕದ ಆಕ್ಷೇಪ ಜರ್ಮನಿಯ ಮ್ಯೂನಿಕ್ ನಗರದ್ದು. 2003ರಲ್ಲಿ ಅಲ್ಲಿನ ನಗರಸಭೆ ಲಿನಕ್ಸಿಗೆ ಹೋಗಲು ತೀರ್ಮಾನಿಸಿತು, ಸುಮಾರು 15,000 ಯಂತ್ರಗಳನ್ನು ಬದಲಿಸಿತು. 2017ರಲ್ಲಿ ಮತ್ತೆ ವಿಂಡೋಸಿಗೆ ಮರಳುವ ನಿರ್ಣಯ ಮಾಡಿತು. ಅಲ್ಲಿ ರಾಜಕೀಯವೂ ಇತ್ತು. ಆದರೆ ನಗರವೇ ಮಾಡಿಸಿದ ಪರಿಶೀಲನೆ ಬೊಟ್ಟು ಮಾಡಿದ್ದು ಹೆಚ್ಚಾಗಿ ಐಟಿ ವಿಭಾಗದ ಒಡಕು ವ್ಯವಸ್ಥೆಯತ್ತ. ಇದಕ್ಕೆ ಎದುರಾಗಿ ಕೇರಳವನ್ನಿಡಬಹುದು. 2001ರಲ್ಲಿ ಶುರುವಾದ ಐಟಿ@ಸ್ಕೂಲ್, ಈಗಿನ ಕೈಟ್, ಸರ್ಕಾರಿ ಶಾಲೆಗಳನ್ನು ಮುಕ್ತ ತಂತ್ರಾಂಶಕ್ಕೆ ತಂದು ಅಲ್ಲಿಯೇ ನಿಲ್ಲಿಸಿದೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಐಸಿಟಿ ಪಾಠವನ್ನು ಕನ್ನಡ ಪಠ್ಯಪುಸ್ತಕದಲ್ಲಿ, ಉಬುಂಟು ಯಂತ್ರದ ಮೇಲೆ ಕಲಿಯುತ್ತಾರೆ. ಶಿಕ್ಷಕರಿಂದಲೇ ಆರಿಸಿದ ಮಾಸ್ಟರ್ ಟ್ರೇನರುಗಳು, 2018ರಿಂದ ‘ಲಿಟಲ್ ಕೈಟ್ಸ್’ ಎಂಬ ವಿದ್ಯಾರ್ಥಿ ಕೂಟಗಳು ಅಲ್ಲಿ ಲ್ಯಾಬುಗಳ ಬೆನ್ನಿಗಿವೆ. ಎರಡೂ ಕಡೆ ಇದ್ದದ್ದು ಲಿನಕ್ಸೇ. ನೋಡಿಕೊಳ್ಳುವ ಏರ್ಪಾಡು ಮಾತ್ರ ಬೇರೆ.

ಮಕ್ಕಳು ವಿಂಡೋಸ್ ಕಲಿಯದಿದ್ದರೆ ನೌಕರಿ ಸಿಗುವುದಿಲ್ಲ ಎಂಬ ಅಂಜಿಕೆ ಪಾಲಕರಲ್ಲಿದೆ. 2017ರ ನವೆಂಬರಿನಿಂದ ಜಗತ್ತಿನ ಅತಿ ವೇಗದ 500 ಸೂಪರ್‌ಕಂಪ್ಯೂಟರುಗಳೂ ನಡೆಯುತ್ತಿರುವುದು ಲಿನಕ್ಸಿನಿಂದ. ಆಂಡ್ರಾಯ್ಡ್ ಫೋನಿನ ತಿರುಳೂ ಅದೇ. ಲಿನಕ್ಸ್ ಸರ್ವರ್ ನೋಡಿಕೊಳ್ಳಬಲ್ಲವರಿಗೆ ಕೆಲಸದ ಬರವಿಲ್ಲ. ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯ, ಎಸ್‌ಡಿಎಂ, ಐಐಟಿ, ಐಐಐಟಿ ಎಲ್ಲವೂ ಇರುವ ಅವಳಿನಗರ ನಮ್ಮದು. ಆಪರೇಟಿಂಗ್ ಸಿಸ್ಟಂ ಪಾಠ ಓದಿದ ವಿದ್ಯಾರ್ಥಿಗೆ ಪಕ್ಕದ ಸರ್ಕಾರಿ ಪ್ರೌಢಶಾಲೆಯ ಲ್ಯಾಬನ್ನು ಒಂದು ಸೆಮಿಸ್ಟರ್ ಒಪ್ಪಿಸಿದರೆ ಅದೇ ಪ್ರಾಯೋಗಿಕ ತರಬೇತಿ. ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆಯಲ್ಲಿ ಲಿನಕ್ಸ್ ಪಾಠಗಳು ಕನ್ನಡ ದನಿಯಲ್ಲೂ ಇವೆ, ಶಾಲೆಯ ಶಿಕ್ಷಕರು ಅಲ್ಲಿಂದ ಆರಂಭಿಸಬಹುದು. ಹೊಸ ಯಂತ್ರಗಳಿಗೆಂದು ಎತ್ತಿಟ್ಟ ಹಣದಲ್ಲಿ ಒಂದು ಪಾಲನ್ನು ಶಾಲೆಯ ಆಡಳಿತ ಮಂಡಳಿ ಠರಾವು ಮಾಡಿ ಇಂಥ ಒಬ್ಬರ ಗೌರವಧನಕ್ಕೆ ಬರೆದಿಡಲಿ. ಇಂದು ಹಾಕುವ ಮಿಂಟ್ 22ಕ್ಕೆ 2029ರವರೆಗೆ ಅಪ್‌ಡೇಟ್ ಬರುತ್ತದೆ. ಅಲ್ಲಿಯತನಕ ಅದನ್ನು ನೋಡಿಕೊಳ್ಳುವವರ ಹೆಸರು ಕೂಡ ಅದೇ ಠರಾವಿನಲ್ಲಿ ದಾಖಲಾಗಬೇಕು.